ಮೇಸ್ತ್ರಿ ‘ಆಂ... ಬರ್ತಾರೆ’ ಅಂದರೆ ನಂಬೋದಾ?

ಕಾಫಿ ತೋಟಕ್ಕೆ ಆಳು ಕರೆತರುವ ನಿಮ್ಮ ಮೇಸ್ತ್ರಿ ಹೇಳಿದಷ್ಟು ಜನ ಬರೋದಿಲ್ಲ, ಅವನ ಮಾತು ನಂಬೋದಾ ಅಂತ ಕೇಳಿದ್ದಿರಿ. ಅವನು ಸುಳ್ಳು ಹೇಳುತ್ತಿಲ್ಲ, ‘ಇಲ್ಲ’ ಅನ್ನೋಕೆ ಹಿಂಜರಿಯುತ್ತಿದ್ದಾನೆ. ಬಹುಶಃ ಇಷ್ಟೇ. ‘ಸೋಮವಾರ 20 ಜನ ಬರ್ತಾರಾ?’ ಅಂದರೆ ‘ಆಂ... ಬರ್ತಾರೆ ಸರ್’ ಅಂತಾನೆ, ಬರೋದು 12 ಅಂದಿರಲ್ಲ. ಮಾತಿಗೆ ಉತ್ತರ ಬರೋಕೆ ಸಾಮಾನ್ಯವಾಗಿ 0.2 ಸೆಕೆಂಡ್ ಸಾಕು. ‘ಹೌದು’ ಬೇಗ ಬರುತ್ತದೆ, ‘ಇಲ್ಲ’ ತಡವಾಗುತ್ತದೆ. ತಡೆದು ಬಂದ ‘ಹೌದು’ ಅರ್ಧ ಹೌದು ಅಂತಲೇ ಇಟ್ಟುಕೊಳ್ಳಿ.

ಮೊದಲು ಅವನ ಮನೆಮಾತು ಯಾವುದು ನೋಡಿ. ಕೊಡಗಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲಾ ಇದೆ ಅಲ್ವಾ? ಕನ್ನಡ ಪದ ಹುಡುಕುವವನೂ ತಡೆಯುತ್ತಾನೆ. ಸುಮ್ನೆ ‘ಊಟ ಆಯ್ತಾ’ ಕೇಳಿ. ಅಲ್ಲೂ ‘ಆಂ’ ಬಂದರೆ ಅದು ಅಭ್ಯಾಸ, ಬಿಟ್ಟುಬಿಡಿ.

ಅಲ್ಲಿ ‘ಆಂ’ ಬರದಿದ್ದರೆ ಪ್ರಶ್ನೆ ಬದಲಿಸಿ: ‘ಎಷ್ಟು ಜನ ಗ್ಯಾರಂಟಿ?’ ಕೇಳಿ ಬಾಯಿ ಮುಚ್ಚಿ ನಿಂತುಬಿಡಿ. ನಾನು ತಪ್ಪುತ್ತಿದ್ದದ್ದು ಇಲ್ಲೇ, ನಮ್ಮ ಮೇಸ್ತ್ರಿ ತಡೆದ ಕೂಡಲೇ ‘ಬರ್ತಾರೆ ಬಿಡು’ ಅಂತ ನಾನೇ ಮುಗಿಸುತ್ತಿದ್ದೆ. ಹೋದ ವರ್ಷ ರೋಬಸ್ಟಾ ಕಾಫಿ ಕೊಯ್ಲಲ್ಲಿ ಸುಮ್ಮನೆ ಕಾದೆ. ಚೀಲದ ಬಾಯಿ ಕಟ್ಟುತ್ತಾ, ನನ್ನ ಮುಖ ನೋಡದೆ, ‘15 ಅಂತ ಇಟ್ಕೊಳ್ಳಿ ಸರ್, ಐದು ಜನ ಪಕ್ಕದ ತೋಟಕ್ಕೆ ಒಪ್ಕೊಂಡಿದ್ದಾರೆ’ ಅಂದ. ಪ್ರತಿ ಸಲ ಹೀಗೆ ಬಾಯಿಬಿಡುತ್ತಾನೆ ಅಂತಲ್ಲ.

ಆದರೆ ಫೋನಲ್ಲಿ ಕೇಳಬೇಡಿ. ಮಳೆಗಾಲದಲ್ಲಂತೂ ನಮ್ಮ ನೆಟ್‌ವರ್ಕೇ ಅವನಿಗಿಂತ ಜಾಸ್ತಿ ತಡವರಿಸುತ್ತದೆ. ಶನಿವಾರ ಕೂಲಿ ಬಟವಾಡೆ ಮುಗಿದ ಮೇಲೆ ಎದುರೇ ಕೇಳಿ.