ದೂರದ ಓಟದ ಬೈಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಿಂಗಳಿಗೆ ಎರಡು ಸಲ ಒಬ್ಬನೇ ಬೆಂಗಳೂರಿಗೆ ಹೋಗಿ ಬರುತ್ತೇನೆ. ವರ್ಷಕ್ಕೊಮ್ಮೆ ಹೆಂಡತಿಯ ಜೊತೆ ಗೋವಾಕ್ಕೆ ಹೋಗುವುದುಂಟು. ಬಜಾಜ್ ಡೊಮಿನಾರ್ 400, ಕವಾಸಕಿ ನಿಂಜಾ 650, ಸೆಕೆಂಡ್‌ಹ್ಯಾಂಡ್ ನಿಂಜಾ 1000 ಎಸ್‌ಎಕ್ಸ್, ಈ ಮೂರರಲ್ಲಿ ಯಾವುದನ್ನು ತೆಗೆದುಕೊಳ್ಳಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲ ಎರಡರ ತೂಕ ನೋಡಿ. ಡೊಮಿನಾರ್ 193 ಕೆ.ಜಿ., ನಿಂಜಾ 650 196 ಕೆ.ಜಿ. ಮೂರೇ ಕೆ.ಜಿ. ವ್ಯತ್ಯಾಸ. ಆದರೆ ಡೊಮಿನಾರಿನದು 373 ಸಿಸಿಯ ಒಂಟಿ ಸಿಲಿಂಡರ್, 40 ಪಿಎಸ್ (ಅಶ್ವಶಕ್ತಿ). ನಿಂಜಾದ್ದು 649 ಸಿಸಿಯ ಜೋಡಿ ಸಿಲಿಂಡರ್, 68 ಪಿಎಸ್. ಹೊರುವ ಭಾರ ಒಂದೇ ಆಗಿ ಶಕ್ತಿ ಒಂದೂಮುಕ್ಕಾಲು ಪಾಲು ಆದಾಗ ಎಂಜಿನ್ ದಿನವಿಡೀ ಮೈ ಬಗ್ಗಿಸಿ ದುಡಿಯಬೇಕಾಗಿಲ್ಲ. ಹೆದ್ದಾರಿಯಲ್ಲಿ ಲಾರಿ ದಾಟಿಸುವಾಗ ಗೇರ್ ಇಳಿಸದೆ ಮುಂದೆ ಹೋಗಬಹುದು. ಮೂರು ತಾಸಿನ ಸವಾರಿಯ ನಂತರ ಕೈಗೆ ಜೋಮು ಹಿಡಿಯುವುದು ಕಡಿಮೆ. ಟ್ಯಾಂಕ್ 15 ಲೀಟರ್. ಲೀಟರಿಗೆ 20 ಕಿ.ಮೀ. ಎಂದು ಹಿಡಿದರೂ ದಾವಣಗೆರೆಯಿಂದ ಬೆಂಗಳೂರಿಗೆ ಒಂದೇ ತುಂಬುವಿಕೆ ಸಾಕು.

1000 ಎಸ್‌ಎಕ್ಸ್ ಬೇರೆಯೇ ಜಾತಿ: 1043 ಸಿಸಿ, ನಾಲ್ಕು ಸಿಲಿಂಡರ್, 142 ಪಿಎಸ್, 111 ಎನ್‌ಎಂ ಟಾರ್ಕ್ (ಎಳೆಯುವ ಬಲ), 19 ಲೀಟರ್ ಟ್ಯಾಂಕ್, ಕ್ರೂಸ್ ಕಂಟ್ರೋಲ್. ಇಬ್ಬರು ಕೂತು ಎರಡೂ ಕಡೆ ಪೆಟ್ಟಿಗೆ ಕಟ್ಟಿದರೂ ಅದಕ್ಕೆ ಹೊರೆ ಎನಿಸುವುದಿಲ್ಲ. ಆದರೆ ತೂಕ 235 ಕೆ.ಜಿ. ದಾಟುತ್ತದೆ. ಜಲ್ಲಿ ಹರಡಿದ ಇಳಿಜಾರಿನಲ್ಲಿ ನಿಲ್ಲಿಸಿ ತಿರುಗಿಸುವಾಗ ಅದು ಗೊತ್ತಾಗುತ್ತದೆ. ಪ್ರತಿ ಸರ್ವಿಸಿಗೆ ಸುಮಾರು ನಾಲ್ಕು ಲೀಟರ್ ಆಯಿಲ್, ಎರಡರ ಬದಲು ನಾಲ್ಕು ಸ್ಪಾರ್ಕ್ ಪ್ಲಗ್, 160 ಮಿ.ಮೀ. ಬದಲು 190 ಮಿ.ಮೀ. ಅಗಲದ ಹಿಂದಿನ ಟೈರ್. ಕೊಳ್ಳುವಾಗಿನ ಬೆಲೆ ಒಮ್ಮೆ ಕೊಟ್ಟು ಮುಗಿಯುತ್ತದೆ, ಈ ಖರ್ಚು ಮುಗಿಯುವುದಿಲ್ಲ.

ನಿಮ್ಮ ಓಡಾಟದಲ್ಲಿ ಬಹುಪಾಲು ಒಬ್ಬರದೇ ಸವಾರಿ. ನಮ್ಮ ಮತ 650ಕ್ಕೆ. ಒಂದೇ ಎಚ್ಚರಿಕೆ: ಅದರ ಹಿಂದಿನ ಸೀಟು ಚಿಕ್ಕದು, ತೆಳು. ಟೆಸ್ಟ್ ರೈಡಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ ಅರ್ಧ ಗಂಟೆ ಕೂರಿಸಿ. ಅವರು ಬೇಡ ಎಂದರೆ ಡೊಮಿನಾರ್ ನೋಡಬಹುದು. 2021ರಿಂದ ಅದಕ್ಕೆ ಎತ್ತರದ ವೈಸರ್, ಕ್ಯಾರಿಯರ್, ಬೆನ್ನಾಸರೆ ಕಂಪನಿಯಿಂದಲೇ ಬರುತ್ತಿವೆ. ಹಳ್ಳಿ ಊರುಗಳಲ್ಲೂ ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಉಳಿದೆರಡಕ್ಕೆ ಆ ಮಾತು ಹೇಳಲಾಗದು.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಚೈನು ಕಟಕಟ ಎನ್ನುತ್ತದೆ. ಬಿಗಿ ಮಾಡಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಪ್ರತಿ ವಾರ ಪೆಟ್ರೋಲಿನಲ್ಲಿ ತೊಳೆಯುತ್ತೇನೆ. ತಪ್ಪೆಲ್ಲಿ?
– ಓದುಗರು, ಮಂಗಳೂರು

ಉತ್ತರ: ತಪ್ಪು ಪೆಟ್ರೋಲಿನಲ್ಲಿದೆ. ದೊಡ್ಡ ಬೈಕುಗಳ ಚೈನಿನ ಪ್ರತಿ ಕೊಂಡಿಯಲ್ಲೂ ಪಿನ್ನು ಮತ್ತು ಬುಷ್ ನಡುವೆ ಗ್ರೀಸ್ ತುಂಬಿ ರಬ್ಬರ್ ಓ-ರಿಂಗ್ ಹಾಕಿ ಮುಚ್ಚಿರುತ್ತಾರೆ. ಪೆಟ್ರೋಲ್ ಆ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಒಳಗಿನ ಗ್ರೀಸ್ ಹೋದ ಜಾಗಕ್ಕೆ ನೀರು, ಮರಳು ನುಗ್ಗುತ್ತವೆ. ಎಲ್ಲ ಕೊಂಡಿಗಳೂ ಒಂದೇ ಸಮ ಸವೆಯುವುದಿಲ್ಲವಾದ್ದರಿಂದ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ. ಹೊರಗಿನಿಂದ ಎಷ್ಟು ಎಣ್ಣೆ ಹಚ್ಚಿದರೂ ಒಳಗೆ ಹೋಗುವುದಿಲ್ಲ. ವಾಟರ್ ಸರ್ವಿಸಿನ ಪ್ರೆಶರ್ ನೀರು ಮಾಡುವುದೂ ಇದೇ ಕೆಲಸ.

ಈ ಚೈನು ಅಳೆಯಿರಿ. ಕೆಳಭಾಗವನ್ನು ಎಳೆದು ನೆಟ್ಟಗೆ ಮಾಡಿ, ಮೊದಲ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಟೇಪು ಹಿಡಿಯಿರಿ. ಚೈನಿನ ಸೈಜು 520, 525, 530 ಯಾವುದೇ ಇರಲಿ, ಹೊಸ ಚೈನಿನಲ್ಲಿ 20 ಕೊಂಡಿಗೆ 317.5 ಮಿ.ಮೀ. ಕವಾಸಕಿ ಕೊಟ್ಟಿರುವ ಮಿತಿ 323 ಮಿ.ಮೀ. ಮೂರು ನಾಲ್ಕು ಕಡೆ ಅಳೆದು ಎಲ್ಲಿ ಮಿತಿ ದಾಟಿದರೂ ಚೈನು ಮತ್ತು ಎರಡೂ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಒಟ್ಟಿಗೇ ಬದಲಿಸಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕುವುದು ಉಳಿತಾಯವಲ್ಲ.

ಹೊಸದಕ್ಕೆ ಹೀಗೆ ಮಾಡಿ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. (ಎಂಜಿನ್ ಓಡಿಸಿ ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.) ಸೀಮೆಎಣ್ಣೆ ಮತ್ತು ಮೆದು ಬ್ರಷ್ಷಿನಲ್ಲಿ ಕೊಳೆ ಬಿಡಿಸಿ, ತಂತಿ ಬ್ರಷ್ ಬೇಡ. ಬಟ್ಟೆಯಲ್ಲಿ ಒರೆಸಿ ಕಾಲು ಗಂಟೆ ಒಣಗಲು ಬಿಡಿ. ಚಕ್ರ ಕೈಯಲ್ಲಿ ತಿರುಗಿಸುತ್ತ ಚೈನಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ ಮುಟ್ಟುವ ಬದಿಗೆ, 90 ನಂಬರಿನ ಗೇರ್ ಆಯಿಲ್ ಅಥವಾ ಓ-ರಿಂಗ್‌ಗೆ ಆಗುವ ಚೈನ್ ಲ್ಯೂಬ್ ಹಾಕಿ. ಹೆಚ್ಚಾದದ್ದನ್ನು ಒರೆಸಿ ರಾತ್ರಿಯಿಡೀ ಬಿಡಿ. ಟೈರಿಗೆ ಸಿಡಿದ ಎಣ್ಣೆ ಅಪಾಯ. ಬೇಸಿಗೆಯಲ್ಲಿ 600 ಕಿ.ಮೀ.ಗೊಮ್ಮೆ ಸಾಕು. ಕರಾವಳಿಯ ಜೂನ್–ಸೆಪ್ಟೆಂಬರಿನಲ್ಲಿ ಮಳೆಯ ಸವಾರಿ ಮುಗಿದ ದಿನವೇ ಎಣ್ಣೆ ತೋರಿಸಿ.

ಚೈನು ಮೇಲೆ ಕೆಳಗೆ ಆಡುವ ಸಡಿಲ ಎಷ್ಟಿರಬೇಕೆಂಬುದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲಿದೆ, ಈ ವರ್ಗದಲ್ಲಿ ಸಾಮಾನ್ಯವಾಗಿ 25–35 ಮಿ.ಮೀ. ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿಯೇ ಅಳೆಯಬೇಕು. ಆಕ್ಸಲ್ ನಟ್ ಸಡಿಲಿಸಿ, ಎರಡೂ ಅಡ್ಜಸ್ಟರುಗಳನ್ನು ಕಾಲು ಸುತ್ತಿನಂತೆ ಸಮವಾಗಿ ತಿರುಗಿಸಿ. ನಟ್ ಬಿಗಿಯುವ ಮುಂಚೆ ಚೈನು ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಬಟ್ಟೆಯ ಉಂಡೆ ಸಿಕ್ಕಿಸಿ ಚಕ್ರ ಹಿಂದಕ್ಕೆ ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ ಒತ್ತಿ ನಿಲ್ಲುತ್ತದೆ, ಅಳತೆ ಜರುಗುವುದಿಲ್ಲ. ಬಿಗಿ ಚೈನು ಸಡಿಲ ಚೈನಿಗಿಂತ ಕೆಟ್ಟದ್ದು. ಇಬ್ಬರು ಕೂತು ಗುಂಡಿಗೆ ಇಳಿದಾಗ ಅದು ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ.

ಪ್ರಶ್ನೆ: ಕಾರಿಗೆ ತಂದ ಫುಲ್ ಸಿಂಥೆಟಿಕ್ ಆಯಿಲ್ ಉಳಿದಿದೆ. ಬೈಕಿಗೆ ಹಾಕಬಹುದೇ?
– ಓದುಗರು, ಮಂಡ್ಯ

ಉತ್ತರ: ಬೇಡ. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ, ಅದರಿಂದ ಕ್ಲಚ್ ಜಾರುತ್ತದೆ. ಡಬ್ಬದ ಮೇಲೆ ಜಾಸೋ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಎಂದಿರಬೇಕು. ಆಯಿಲಿನ ದಪ್ಪದ ದರ್ಜೆ ಮ್ಯಾನ್ಯುಅಲ್ ಹೇಳಿದಂತೆ, ಹೆಚ್ಚಿನವಕ್ಕೆ 10ಡಬ್ಲ್ಯೂ-40.

ಪ್ರಶ್ನೆ: ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಹಿಡಿಕೆಗೆ ತಾಗುವಂತಾಯಿತು. ಮರುದಿನ ಬೆಳಿಗ್ಗೆ ಸರಿಯಾಗಿತ್ತು. ಪ್ಯಾಡ್ ಬದಲಿಸಿದ್ದೇನೆ. ಇನ್ನೇನು ನೋಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಮರುದಿನ ಸರಿಯಾಯಿತು ಎನ್ನುವುದೇ ಸುಳಿವು. ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಗುಳ್ಳೆ ಅಮುಕಿದರೆ ಅಮುಕಿಸಿಕೊಳ್ಳುತ್ತದೆ, ಒತ್ತಡ ಪ್ಯಾಡಿಗೆ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಮಾಯ.

ಬ್ರೇಕಿಗೆ ಹಾಕುವ ಡಾಟ್ 4 ದರ್ಜೆಯ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕಾದದ್ದು ನೂರಕ್ಕೆ ನಾಲ್ಕರಷ್ಟು ನೀರು ಸೇರಿದರೆ 155ರ ಹತ್ತಿರಕ್ಕೆ ಇಳಿಯುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಹಿಂದೆ ಒಬ್ಬರು, ಪೂರ್ತಿ ಲಗೇಜು ಬೇರೆ ಇದ್ದಿರಬಹುದು. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಅಷ್ಟು ಕಾಯುವುದು ಸಹಜ. ಮಲೆನಾಡಿನ ತೇವದಲ್ಲಿ ಎರಡು ವರ್ಷ ಮೀರಿಸಬೇಡಿ. ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತಿಳಿ ಹಳದಿ ಹೋಗಿ ಕಾಫಿ ಡಿಕಾಕ್ಷನ್ ಬಣ್ಣ ಬಂದಿದ್ದರೆ ಇನ್ನೂ ಬೇಗ.

ಬದಲಿಸುವ ರೀತಿ: ಮೇಲಿನ ಡಬ್ಬಿಯ ಹಳೇ ಆಯಿಲನ್ನು ಸಿರಿಂಜಿನಲ್ಲಿ ತೆಗೆದು ಹೊಸದು ತುಂಬಿ. ಕ್ಯಾಲಿಪರ್‌ನ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಲಿವರ್ ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಮುಚ್ಚಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಒಳಗೆ. ಪೈಪಿನಲ್ಲಿ ಹೊಸ ಬಣ್ಣ ಬರುವವರೆಗೂ ಮುಂದುವರಿಸಿ. ಡಬ್ಬಿ ಒಮ್ಮೆಯೂ ಬರಿದಾಗಬಾರದು. ಎರಡೂ ಕ್ಯಾಲಿಪರಿಗೆ ಮಾಡಿ. ಪೇಂಟಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ. ಡಾಟ್ 5 ಸಿಲಿಕೋನ್, ಇದರ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಬೇರೆ, ಅದು ನಡೆಯುತ್ತದೆ.

ಇನ್ನು ಸವಾರಿ: ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯಿರಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ. ಘಾಟಿ ಪೂರ್ತಿ ಲಿವರಿನ ಮೇಲೆ ಬೆರಳು ಒತ್ತಿಯೇ ಬರುವುದು ಬೇಡ.

ಪ್ರಶ್ನೆ: ಲೀಟರ್ ಕ್ಲಾಸ್ (ಸುಮಾರು 1000 ಸಿಸಿ) ಬೈಕಿನಲ್ಲೂ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಬಿಡುವುದಿಲ್ಲವೇ?
– ಓದುಗರು, ಮೈಸೂರು

ಉತ್ತರ: ಬಿಡುವುದಿಲ್ಲ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ, ಸಿಸಿ ಲೆಕ್ಕಕ್ಕಿಲ್ಲ. 142 ಪಿಎಸ್ ಇದ್ದರೂ ಸರ್ವಿಸ್ ರಸ್ತೆಯಲ್ಲಿ ಮೊಪೆಡ್ಡಿನ ಹಿಂದೆಯೇ.

ಪ್ರಶ್ನೆ: ಹೆಂಡತಿ ಹಿಂದೆ ಕೂತು ಟಾಪ್ ಬಾಕ್ಸ್ ಹಾಕಿದರೆ ನೂರರ ಮೇಲೆ ಗಾಡಿ ಹಾವಿನಂತೆ ಆಡುತ್ತದೆ. ರಾತ್ರಿ ಹೆಡ್‌ಲೈಟ್ ಮರದ ಮೇಲೆ ಬೀಳುತ್ತದೆ.
– ಓದುಗರು, ಹಾಸನ

ಉತ್ತರ: ಎರಡಕ್ಕೂ ಕಾರಣ ಒಂದೇ, ಹಿಂಭಾಗ ಕುಸಿದಿದೆ. ಮುಂದಿನ ಚಕ್ರದ ಮೇಲಿನ ಭಾರ ಹಗುರಾಗಿ ಹ್ಯಾಂಡಲ್ ಸಡಿಲವಾಗುತ್ತದೆ. ಹಿಂದಿನ ಸ್ಪ್ರಿಂಗಿನ ಪ್ರಿಲೋಡ್, ಅಂದರೆ ಅದಕ್ಕೆ ಮೊದಲೇ ಕೊಡುವ ಒತ್ತು, ಹೆಚ್ಚಿಸಬೇಕು. ಊಹೆ ಬೇಡ, ಅಳೆಯಿರಿ. ಹಿಂದಿನ ಚಕ್ರ ನೇತಾಡುವಂತೆ ಎತ್ತಿ, ಆಕ್ಸಲಿನಿಂದ ನೇರ ಮೇಲೆ ಸೀಟಿನ ಅಂಚಿನ ಒಂದು ಗುರುತಿಗೆ ಎಷ್ಟು ಎಂದು ಬರೆದುಕೊಳ್ಳಿ. ಇಬ್ಬರೂ ಲಗೇಜಿನ ಸಮೇತ ಕೂತ ಮೇಲೆ ಇನ್ನೊಬ್ಬರಿಂದ ಮತ್ತೆ ಅಳೆಸಿ. ವ್ಯತ್ಯಾಸ 30–40 ಮಿ.ಮೀ. ಇರಬೇಕು, ಹೆಚ್ಚಿದ್ದರೆ ಪ್ರಿಲೋಡ್ ಬಿಗಿ ಮಾಡಿ. 1000 ಎಸ್‌ಎಕ್ಸ್‌ನಲ್ಲಿ ಇದಕ್ಕೆ ಕೈಯಲ್ಲೇ ತಿರುಗಿಸುವ ನಾಬ್ ಇದೆ, ಎಷ್ಟೋ ಮಾಲೀಕರು ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಟೈರಿನ ಗಾಳಿಯನ್ನು ತಣ್ಣಗಿದ್ದಾಗ ನೋಡಿ: ಆ ಬೈಕಿಗೆ ಮುಂದೆ 36, ಹಿಂದೆ 42 ಪಿಎಸ್‌ಐ.

ಟಾಪ್ ಬಾಕ್ಸಿನಲ್ಲಿ ರೇನ್‌ಕೋಟಿನಂಥ ಹಗುರ ಸಾಮಾನು ಮಾತ್ರ ಇಡಿ. ಇಷ್ಟಾದರೂ ಆಡಿದರೆ ಹ್ಯಾಂಡಲ್ ಬೇರಿಂಗ್ ಪರೀಕ್ಷಿಸಿ.

ಪ್ರಶ್ನೆ: ಚೆನ್ನೈ ನೋಂದಣಿಯ ಬೈಕು ಅಗ್ಗಕ್ಕೆ ಸಿಗುತ್ತಿದೆ. ಏನೇನು ನೋಡಬೇಕು?
– ಓದುಗರು, ಬಳ್ಳಾರಿ

ಉತ್ತರ: ನೀವು ಹೋಗುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ಹೋದೊಡನೆ ಕೈ ಇಟ್ಟು ತಣ್ಣಗಿದೆಯೇ ನೋಡಿ. ಬಿದ್ದ ಗಾಡಿಗೆ ಹೊಸ ಫೇರಿಂಗ್ (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಹಾಕುವುದು ಸುಲಭ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಫ್ರೇಮಿಗೆ ತಾಗುವ ಸ್ಟಾಪರ್ ಮುಚ್ಚಿಡುವುದು ಕಷ್ಟ. ಅದು ಜಜ್ಜಿದ್ದರೆ ಅಲ್ಲಿಂದಲೇ ವಾಪಸು ಬನ್ನಿ. ಮುಂಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಬೇರಿಂಗ್ ಹೋಗಿದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ, ವರ್ನಿಯರ್ ಹಿಡಿದು ಹೋಲಿಸಿ. ಟೈರಿನ ಬದಿಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಟೈರಿನ ಅಚ್ಚಿನ ಗೀರು ಆಳವಿದ್ದರೂ ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ. ಎರಡು ಹೊಸ ಟೈರಿನ ಬೆಲೆ ಚೌಕಾಸಿಯಲ್ಲಿ ಕಳೆಯಿರಿ.

ಕಾಗದದಲ್ಲಿ ಚೆನ್ನೈ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ, ನಮೂನೆ 28), ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದಲ್ಲಿ ತೀರಿದ್ದಕ್ಕೆ ನಮೂನೆ 35. ಇಲ್ಲಿ ಮರು ನೋಂದಣಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ದೊಡ್ಡ ಬೈಕಿಗೆ ಅದು ಸಣ್ಣ ಮೊತ್ತವಲ್ಲ, ನಿಮಗೆ ಈಗ ಕಾಣುತ್ತಿರುವ ಅಗ್ಗ ಅಲ್ಲಿಗೇ ಸಮವಾಗಬಹುದು. ಮುಂಗಡ ಕೊಡುವ ಮೊದಲು ಬಳ್ಳಾರಿ ಆರ್‌ಟಿಒದಲ್ಲಿ ಆ ಲೆಕ್ಕ ಹಾಕಿಸಿಕೊಳ್ಳಿ.