ಓದುಗರ ಪ್ರಶ್ನೆ, ನಮ್ಮ ಉತ್ತರ: ಬೀಜಬಲಕ್ಕೆ ಸೂತ್ರವೆಲ್ಲಿ?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಗುರುತ್ವಕ್ಕೆ ನ್ಯೂಟನ್ನನ ಸೂತ್ರವಿದೆ, ವಿದ್ಯುದಾವೇಶಗಳಿಗೆ ಕೂಲಂಬನ ಸೂತ್ರವಿದೆ. ಪರಮಾಣು ಬೀಜದ ಅಧ್ಯಾಯದಲ್ಲಿ ಮಾತ್ರ ‘ಬಲು ಪ್ರಬಲ, ಅಲ್ಪ ವ್ಯಾಪ್ತಿಯದು’ ಎಂಬ ವರ್ಣನೆ ಬಿಟ್ಟರೆ ಸೂತ್ರವೇ ಇಲ್ಲ. ಸೂತ್ರವಿಲ್ಲದ ಬಲವನ್ನು ಲೆಕ್ಕ ಹಾಕುವುದು ಹೇಗೆ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಪುಸ್ತಕ ಏನನ್ನೂ ಬಚ್ಚಿಟ್ಟಿಲ್ಲ, ಒಂದೇ ಸಾಲಿನಲ್ಲಿ ಮುಗಿಯುವ ಸೂತ್ರ ಬೀಜಬಲಕ್ಕೆ, ಅಂದರೆ ಪರಮಾಣು ಬೀಜದ ಪ್ರೋಟಾನ್, ನ್ಯೂಟ್ರಾನುಗಳನ್ನು ಒಟ್ಟಿಗೆ ಹಿಡಿದಿಡುವ ಬಲಕ್ಕೆ, ಇಲ್ಲವೇ ಇಲ್ಲ.

ಮೊದಲು ಆ ಬಲದ ಅಳತೆ ನೋಡೋಣ. ಎರಡು ಪ್ರೋಟಾನುಗಳನ್ನು 1 ಫೆಮ್ಟೋಮೀಟರ್ ಅಂತರದಲ್ಲಿ, ಅಂದರೆ ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಅಂತರದಲ್ಲಿ ಇಟ್ಟರೆ, ಕೂಲಂಬನ ಸೂತ್ರದ ಪ್ರಕಾರ ಅವು ಒಂದನ್ನೊಂದು ಸುಮಾರು 230 ನ್ಯೂಟನ್ ಬಲದಿಂದ ದೂಡುತ್ತವೆ. ನಮ್ಮೂರ ಅಡತಿ ಅಂಗಡಿಯಲ್ಲಿ 50 ಕಿಲೋ ತೊಗರಿ ಚೀಲದಿಂದ ಅರ್ಧಕ್ಕಿಂತ ಹೆಚ್ಚು ಸುರಿದ ಮೇಲೆ ಉಳಿಯುವ 23 ಕಿಲೋ ಭಾರವನ್ನು ಎತ್ತಿ ಹಿಡಿಯಲು ಬೇಕಾಗುವುದು ಇಷ್ಟೇ ಬಲ. ಅದು ಕಣ್ಣಿಗೆ ಕಾಣದ ಒಂದು ಕಣದ ಮೇಲೆ ಬೀಳುತ್ತದೆ. ಇದನ್ನು ಮೀರಿ ಎಳೆದು ಹಿಡಿಯುವುದೇ ಬೀಜಬಲ.

ಇದರ ಮೊದಲ ಗಟ್ಟಿ ಮಾದರಿಯನ್ನು 1935ರಲ್ಲಿ ಜಪಾನಿನ ಹಿಡೆಕಿ ಯುಕಾವಾ ಕೊಟ್ಟರು. ಬೀಜದ ಕಣಗಳು ತಮ್ಮೊಳಗೆ ತೂಕವುಳ್ಳ ಮತ್ತೊಂದು ಕಣವನ್ನು ವಿನಿಮಯ ಮಾಡಿಕೊಳ್ಳುತ್ತವೆ, ಆ ಕಣ ತೂಕವಾದಷ್ಟೂ ಬಲದ ವ್ಯಾಪ್ತಿ ಕಿರಿದಾಗುತ್ತದೆ ಎಂದು ವಾದಿಸಿ, ವ್ಯಾಪ್ತಿಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿ, ಅದು ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಗಬೇಕೆಂದು ಅವರು ಅಂದಾಜಿಸಿದರು. 1947ರಲ್ಲಿ ಸೆಸಿಲ್ ಪೊವೆಲ್ ತಂಡಕ್ಕೆ ವಿಶ್ವಕಿರಣಗಳಲ್ಲಿ ಆ ಕಣ, ಅಂದರೆ ಪಯಾನ್, ಸಿಕ್ಕಿತು; ಅದರ ತೂಕ ಎಲೆಕ್ಟ್ರಾನಿನ ಸುಮಾರು 273 ಪಟ್ಟು. (ಇದನ್ನು ವಿವರಿಸಲು ಇಬ್ಬರು ಹುಡುಗರು ಚೆಂಡು ಎಸೆದಾಡುವ ಚಿತ್ರ ಹಾಕುವುದುಂಟು. ನನಗದು ಸೇರುವುದಿಲ್ಲ, ಚೆಂಡು ಎಸೆದವರು ಹಿಂದಕ್ಕೆ ಸರಿಯುತ್ತಾರೆಯೇ ಹೊರತು ಹತ್ತಿರ ಬರುವುದಿಲ್ಲ.)

ಯುಕಾವಾ ಬರೆದ ಸೂತ್ರ ಚಿಕ್ಕದೇ. ಆದರೆ ಅದು ಸರಿಹೊಂದುವುದು ಕಣಗಳು ಸ್ವಲ್ಪ ದೂರದಲ್ಲಿದ್ದಾಗ ಮಾತ್ರ. ಸುಮಾರು ಅರ್ಧ ಫೆಮ್ಟೋಮೀಟರಿಗಿಂತ ಹತ್ತಿರ ಬಂದರೆ ಅದೇ ಬಲ ತಿರುಗಿಬಿದ್ದು ಜೋರಾಗಿ ದೂಡುತ್ತದೆ. ಅದು ಅಂತರವನ್ನಷ್ಟೇ ಅಲ್ಲ, ಕಣಗಳ ಸ್ಪಿನ್ (ಬುಗುರಿಯ ತಿರುಗುವಿಕೆಯನ್ನು ಹೋಲುವ ಹುಟ್ಟುಗುಣ) ಯಾವ ದಿಕ್ಕಿಗಿದೆ ಎಂಬುದನ್ನೂ ನೋಡುತ್ತದೆ. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಕೂಡಿದ ಡ್ಯೂಟೆರಾನನ್ನೇ ತೆಗೆದುಕೊಳ್ಳಿ: ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಸುಮಾರು 22 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ಬಂಧಿತವಾಗುತ್ತವೆ, ವಿರುದ್ಧವಾಗಿದ್ದರೆ ಬಂಧವೇ ಏರ್ಪಡುವುದಿಲ್ಲ. ಅದರ ಆಕಾರವೂ ಪೂರ್ತಿ ದುಂಡಗಿಲ್ಲ, ತುಸು ಉದ್ದನೆಯದು ಎಂಬುದು 1939ರಲ್ಲಿಯೇ ತಿಳಿದಿತ್ತು. ಕಣಗಳು ಯಾವ ಮಗ್ಗುಲಲ್ಲಿ ನಿಂತಿವೆ ಎಂಬುದರ ಮೇಲೂ ಬಲ ಬದಲಾಗುತ್ತದೆ ಎಂದು ಇದರರ್ಥ.

ಈ ಎಲ್ಲ ಗುಣಗಳಿಗೂ ಒಂದೊಂದು ಪದ ಸೇರಿಸುತ್ತ ಹೋದಂತೆ ಸೂತ್ರ ಬೆಳೆಯಿತು. 1995ರಲ್ಲಿ ಪ್ರಕಟವಾದ ‘ಆರ್ಗಾನ್ ವಿ18’ (ಆರ್ಗಾನ್ ಅನಿಲವಲ್ಲ, ಅಮೆರಿಕದ ಪ್ರಯೋಗಾಲಯವೊಂದರ ಹೆಸರು) ಎಂಬ ಮಾದರಿಯಲ್ಲಿ, ಹೆಸರೇ ಹೇಳುವಂತೆ, 18 ಪದಗಳಿವೆ. ಅದರಲ್ಲಿರುವ ಸುಮಾರು 40 ಸಂಖ್ಯೆಗಳು ಯಾವ ತತ್ವದಿಂದಲೂ ನೇರವಾಗಿ ಬಂದವಲ್ಲ. ಪ್ರೋಟಾನ್, ನ್ಯೂಟ್ರಾನುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಅವು ಯಾವ ಕೋನಕ್ಕೆ ಎಷ್ಟು ಚದುರಿದವು ಎಂದು ಅಳೆದ 4,300ರಷ್ಟು ಅಳತೆಗಳಿಗೆ ಹೊಂದುವಂತೆ ಕೂಡಿಸಿದವು. ಇದು ತಿಳಿಯದೆ ಮಾಡಿದ ತೇಪೆಯಲ್ಲ. ಪ್ರೋಟಾನ್ ಮೂಲಕಣವಲ್ಲ, ಅದರೊಳಗೆ ಕ್ವಾರ್ಕುಗಳೆಂಬ ಮೂಲಕಣಗಳಿವೆ. ಅವುಗಳ ನಡುವಿನ ಮೂಲಬಲದಲ್ಲಿ ಹೊರಗೆ ಸೋರಿ ಉಳಿಯುವ ಅಂಶವನ್ನೇ ನಾವು ಬೀಜಬಲವೆಂದು ಕರೆಯುತ್ತೇವೆ. ಆವೇಶವಿಲ್ಲದ ಎರಡು ಅಣುಗಳ ನಡುವೆಯೂ ಇಂಥದೇ ಉಳಿಕೆಯ ಸೆಳೆತವಿದೆ, ಅದಕ್ಕೂ ಒಂದೇ ಸಾಲಿನ ಸೂತ್ರವಿಲ್ಲ. 1990ರಲ್ಲಿ ಸ್ಟೀವನ್ ವೈನ್‌ಬರ್ಗ್ ತೋರಿಸಿದ ದಾರಿಯಲ್ಲಿ ಈಗ ಕ್ವಾರ್ಕ್ ಸಿದ್ಧಾಂತದ ಸಮ್ಮಿತಿಗಳಿಂದಲೇ ಯಾವ ಪದ ದೊಡ್ಡದು, ಯಾವುದು ಚಿಕ್ಕದು ಎಂದು ಕ್ರಮವಾಗಿ ಜೋಡಿಸುತ್ತಾರೆ. ನನ್ನ ಮಟ್ಟಿಗೆ ಇದೇ ಹೆಚ್ಚು ಒಪ್ಪುವ ವಿಧಾನ.

ಇನ್ನೊಂದು ತೊಡಕಿದೆ. ಎರಡು ಕಣಗಳ ಬಲವನ್ನು ಎಷ್ಟೇ ನಿಖರವಾಗಿ ಬರೆದರೂ ಮೂರು ಕಣಗಳ (ಒಂದು ಪ್ರೋಟಾನ್, ಎರಡು ನ್ಯೂಟ್ರಾನ್) ಟ್ರೈಟಾನಿನಲ್ಲಿ ಲೆಕ್ಕ ತಪ್ಪುತ್ತದೆ: ಆರ್ಗಾನ್ ಮಾದರಿಯಂತೆ ಬಂಧನಶಕ್ತಿ ಸುಮಾರು 76 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಳೆದಾಗ ಸುಮಾರು 85 ಲಕ್ಷ. ಇಬ್ಬರ ಮಾತು ಮೂರನೆಯವರು ಬಂದು ಕುಳಿತೊಡನೆ ಬದಲಾಗುವಂತೆ, ಮೂರನೇ ಕಣದ ಇರುವಿಕೆಯೇ ಮೊದಲೆರಡರ ಸಂಬಂಧವನ್ನು ಬದಲಿಸುತ್ತದೆ. ಆದ್ದರಿಂದ ‘ಮೂರು ಕಣಗಳ ಬಲ’ವೆಂಬ ಪ್ರತ್ಯೇಕ ಪದವನ್ನೇ ಸೇರಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಬೀಜಬಲ ಅಷ್ಟು ಪ್ರಬಲವಾಗಿದ್ದರೆ ಯುರೇನಿಯಂ ಏಕೆ ತಾನಾಗಿ ಒಡೆಯುತ್ತದೆ?
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬೀಜಬಲ ಪಕ್ಕದವರನ್ನಷ್ಟೇ ಮುಟ್ಟುತ್ತದೆ, ವಿದ್ಯುತ್ ವಿಕರ್ಷಣೆ ಎಲ್ಲರನ್ನೂ ಮುಟ್ಟುತ್ತದೆ. ಯುರೇನಿಯಂ ಬೀಜದ 92 ಪ್ರೋಟಾನುಗಳಲ್ಲಿ 4,186 ಜೋಡಿಗಳಾಗುತ್ತವೆ, ಪ್ರತಿ ಜೋಡಿಯೂ ದೂಡುತ್ತದೆ. ಎಳೆತ ಮಾತ್ರ ನೆರೆಹೊರೆಗೆ ಸೀಮಿತ. ಹೀಗಾಗಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನುಗಳ ಆಲ್ಫಾ ಕಣವೊಂದು ಅಪರೂಪಕ್ಕೊಮ್ಮೆ ಕ್ವಾಂಟಂ ಸುರಂಗದ ಮೂಲಕ, ಅಂದರೆ ದಾಟುವಷ್ಟು ಶಕ್ತಿಯಿಲ್ಲದಿದ್ದರೂ ತಡೆಯನ್ನು ತೂರಿಕೊಂಡು, ಹೊರಬೀಳುತ್ತದೆ. 1928ರಲ್ಲಿ ಜಾರ್ಜ್ ಗ್ಯಾಮೋ ಇದನ್ನು ವಿವರಿಸಿದ್ದರು. ಎಷ್ಟು ಅಪರೂಪವೆಂದರೆ, ಗೋಗಿಯ ಬಂಡೆಯಲ್ಲಿ ಇಂದಿರುವ ಯುರೇನಿಯಂ-238ರ ಅರ್ಧ ಭಾಗ ಹೀಗೆ ಕಳೆದುಹೋಗಲು ಸುಮಾರು 450 ಕೋಟಿ ವರ್ಷ ಬೇಕು.