ರಾಯಚೂರು ಕಡೆ ಹಳ್ಳಿ ಶಾಲೆಯ ಬಡ ಮಕ್ಕಳಿಗೆ ಏನಾದರೂ ಕೊಡಿಸಬೇಕು ಅಂತಿದ್ದೇನೆ, ಏನು ಕೊಡಿಸಲಿ?
ಸರ್ಕಾರಿ ಶಾಲೆಯಾದರೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಮಧ್ಯಾಹ್ನದ ಊಟ ಸರ್ಕಾರವೇ ಕೊಡುತ್ತದೆ. ಅದನ್ನೇ ಮತ್ತೆ ಕೊಡಿಸಬೇಡಿ. ಮನೆಯವರ ಕೈಯಿಂದ ದುಡ್ಡು ಬಿಚ್ಚಿಸುವುದು ನೋಟ್‌ಬುಕ್, ಪೆನ್ನು, ಕಂಪಾಸ್ ಬಾಕ್ಸ್, ಪಾಟಿಚೀಲ. ಹೈಸ್ಕೂಲಿಗೆ ಬಂದರೆ ವಿಷಯಕ್ಕೊಂದು ನೋಟ್‌ಬುಕ್ ಬೇಕು, ಮನೆಯಲ್ಲಿ ಮೂರು ಮಕ್ಕಳಿದ್ದರೆ ಕೂಲಿ ಮಾಡುವವರಿಗೆ ಅದೇನು ಸಣ್ಣ ಖರ್ಚಲ್ಲ ಅಲ್ವಾ?

ಮೊದಲು ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಯಾವ ತರಗತಿಗೆ ಎಷ್ಟು, ಗೆರೆ ಇರೋದಾ ಇಲ್ಲದ್ದಾ ಅಂತ ಪಟ್ಟಿ ತಗೊಳ್ಳಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಿಗೂ ಒಂದು ಮಾತು ತಿಳಿಸಿ. ಸಾಮಾನು ಸಿಂಧನೂರಲ್ಲೋ ರಾಯಚೂರಲ್ಲೋ ಹೋಲ್‌ಸೇಲ್ ಅಂಗಡಿಯಲ್ಲಿ ಕೊಂಡರೆ ಸಾಗಿಸುವ ಖರ್ಚು ಉಳಿಯುತ್ತದೆ. 'ಬಡವರು' ಅಂತ ನಾಲ್ಕು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಬೇಡಿ, ಇಡೀ ತರಗತಿಗೆ ಕೊಡಿ. (ಫೋಟೊ ಹುಚ್ಚು ಇದ್ದರೆ ಅದನ್ನೂ ಮನೆಯಲ್ಲೇ ಬಿಟ್ಟು ಬನ್ನಿ.)

ಇನ್ನೊಂದು, ಎಲ್ಲರೂ ಜೂನ್‌ನಲ್ಲೇ ಕೊಡ್ತಾರೆ. ಆದರೆ ದಸರಾ ಹೊತ್ತಿಗೆ ನೋಟ್‌ಬುಕ್ ಮುಗಿದಿರುತ್ತದೆ, ಆಮೇಲೆ ಹತ್ತಿ ಬಿಡಿಸೋ ಕಾಲ, ಕೂಲಿ ಹುಡುಕಿಕೊಂಡು ಊರು ಬಿಟ್ಟು ಹೋಗೋ ಗುಳೆ ಬೇರೆ, ಎಷ್ಟೋ ಮಕ್ಕಳು ಶಾಲೆ ತಪ್ಪಿಸಿ ಮತ್ತೆ ಬರುವಾಗ ಕೈಯಲ್ಲಿ ಏನೂ ಇರಲ್ಲ. ಹಾಗಾಗಿ ಅರ್ಧ ಸಾಮಾನು ಹೆಡ್‌ಮಾಸ್ಟರ್ ಬೀರುವಿನಲ್ಲಿ ಇಟ್ಟಿರಿ, ಬೇಕಾದಾಗ ಕೊಡ್ತಾರೆ.